ಸ್ಪೇನಿನ ರಂಗಗೀತೆ, ಊರ ಬ್ಯಾಂಡು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿದವರಿಗೆ ಸ್ಪೇನಿನ ‘ಸಾರ್ಸುವೆಲಾ’ವನ್ನು ಹೆಚ್ಚು ವಿವರಿಸಬೇಕಿಲ್ಲ. ಮಾತಿನ ನಡುವೆ ಹಾಡು, ಹಾಡಿನ ಬೆನ್ನಿಗೇ ಹಾಸ್ಯ, ಓಣಿಯ ಜನರೇ ಪಾತ್ರಗಳು. 17ನೇ ಶತಮಾನದಲ್ಲಿ ಅರಮನೆಯ ವಿನೋದವಾಗಿ ಹುಟ್ಟಿದ ಈ ಗೀತನಾಟಕ 19ನೇ ಶತಮಾನದ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಒಂದು ತಾಸಿನ ಆಟವಾಗಿ ಜನರ ಪಾಲಾಯಿತು. ತೊಮಾಸ್ ಬ್ರೆತೋನ್ ಸಂಗೀತದ ‘ಲಾ ವೆರ್ಬೆನಾ ದೆ ಲಾ ಪಲೋಮಾ’ (1894) ನಡೆಯುವುದೇ ಊರಹಬ್ಬದ ರಾತ್ರಿ. ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಾಲವೂ ಹತ್ತಿರದ್ದೇ.

ಆಮೇಲಿನ ದಾರಿ ಮಾತ್ರ ಬೇರೆಯಾಯಿತು. ಅಲ್ಲಿ ರಂಗದ ಹಾಡನ್ನು ಬ್ಯಾಂಡು ಎತ್ತಿಕೊಂಡಿತು. ವಲೆನ್ಸಿಯಾ ಪ್ರಾಂತದಲ್ಲೇ 500ಕ್ಕೂ ಹೆಚ್ಚು ಬ್ಯಾಂಡ್ ಸಂಘಗಳಿವೆ. ವಲೆನ್ಸಿಯಾ ನಗರದ ಬ್ಯಾಂಡ್ ಸ್ಪರ್ಧೆ ಶುರುವಾದದ್ದು 1886ರಲ್ಲಿ. ‘ಲಾ ರೆವೊಲ್ತೋಸಾ’ದ (1897) ಸಂಗೀತಗಾರ ರುಪೆರ್ತೊ ಚಪಿ ಹುಡುಗನಾಗಿದ್ದಾಗ ತನ್ನೂರಿನ ಬ್ಯಾಂಡಿನಲ್ಲಿ ಊದಿ ಬೆಳೆದವನು.

ರಂಗದ ಸಂಗೀತವನ್ನು ಬ್ಯಾಂಡಿಗೆ ಕೂರಿಸುವುದು ಸ್ವರಗಳನ್ನು ನಕಲು ಮಾಡುವ ಕೆಲಸವಲ್ಲ. ಬ್ಯಾಂಡಿನಲ್ಲಿ ಪಿಟೀಲಿನ ಸಾಲಿಲ್ಲ, ಹಾಡುವವರೂ ಇಲ್ಲ. ಪಿಟೀಲಿನ ಪಾಲು ಕ್ಲಾರಿನೆಟ್‌ಗಳಿಗೆ ಹೋಗುತ್ತದೆ. ಪಿಟೀಲಿಗೆ ದಮ್ಮು ಬೇಡ, ಊದುವವನಿಗೆ ಬೇಕು. ಹಾಗಾಗಿ ಪಕ್ಕಪಕ್ಕದವರು ಒಟ್ಟಿಗೇ ಉಸಿರೆಳೆಯದೆ, ಒಬ್ಬರಾದ ಮೇಲೆ ಒಬ್ಬರು ಉಸಿರೆಳೆದು ರಾಗ ಕಡಿಯದಂತೆ ನೋಡಿಕೊಳ್ಳಬೇಕು. ನಾಯಕನ ಹಾಡು ಸಾಮಾನ್ಯವಾಗಿ ಯುಫೋನಿಯಂಗೆ, ನಾಯಕಿಯದು ಓಬೋ ಇಲ್ಲವೇ ಕ್ಲಾರಿನೆಟ್‌ಗೆ.

ಶ್ರುತಿಯದು ಇನ್ನೊಂದು ಪೇಚು. ಪಿಟೀಲಿಗೆ ಹಿತವಾದ ಡಿ ಮೇಜರ್, ಬಿ-ಫ್ಲ್ಯಾಟ್ ಕ್ಲಾರಿನೆಟ್‌ನವನ ಹಾಳೆಯಲ್ಲಿ ನಾಲ್ಕು ಶಾರ್ಪ್‌ಗಳ ಇ ಮೇಜರ್ ಆಗಿ ಕೂರುತ್ತದೆ. ಅರ್ಧ ಸ್ವರ ಏರಿಸಿ ಇ-ಫ್ಲ್ಯಾಟ್‌ಗೆ ತಂದರೆ ಅವನಿಗೆ ಉಳಿಯುವುದು ಒಂದೇ ಫ್ಲ್ಯಾಟ್. ನಮ್ಮ ಹಾರ್ಮೋನಿಯಂ ಮಾಸ್ತರರ ಮಾತಿನಲ್ಲಿ ಹೇಳುವುದಾದರೆ ಬಿಳಿ ಎರಡನ್ನು ಬಿಟ್ಟು ಕರಿ ಎರಡಕ್ಕೆ ಬರುವುದು. ಅಷ್ಟರಿಂದಲೇ ಬೆರಳುಗಳು ಸಲೀಸಾಗಿ ಓಡುತ್ತವೆ.

ಹೆರೋನಿಮೊ ಹಿಮೆನೆಸ್‌ನ ‘ಲಾ ಬೋದಾ ದೆ ಲೂಯಿಸ್ ಅಲೊನ್ಸೊ’ (1897) ನಾಟಕವಾಗಿ ಈಗ ಅಪರೂಪ. ಅದರ ನಡುವಿನ ವಾದ್ಯಸಂಗೀತವನ್ನು ಮಾತ್ರ ಬ್ಯಾಂಡುಗಳು ಬಿಟ್ಟಿಲ್ಲ. ಕ್ಲಾರಿನೆಟ್‌ಗಳು ಉಸಿರುಗಟ್ಟಿ ಓಡುತ್ತಿರುವಾಗ ನಮ್ಮ ಚಿಟಿಕೆಯಂಥ ಕ್ಯಾಸ್ಟನೆಟ್ ನುಡಿಯುವುದನ್ನು ಕೇಳಬೇಕು!

ನಮ್ಮಲ್ಲಿ ಕೈಚಳಕಕ್ಕೇನು ಕಡಿಮೆ? ಹೊಸ ಸಿನಿಮಾ ಹಾಡನ್ನು ಕಿವಿಯಲ್ಲೇ ಹಿಡಿದು ಮೆರವಣಿಗೆಯಲ್ಲಿ ಟ್ರಂಪೆಟ್ ಊದುವವರು ನಮ್ಮ ಮದುವೆ ಬ್ಯಾಂಡಿನವರು. ಮೈಸೂರು ಅರಮನೆಯ ಬ್ಯಾಂಡ್ ಪರಂಪರೆಯನ್ನು ಮುಂದುವರಿಸಿರುವ ಪೊಲೀಸ್ ಬ್ಯಾಂಡಿನಲ್ಲಿ ಕರ್ನಾಟಕ ಸಂಗೀತಕ್ಕೇ ಒಂದು ಪ್ರತ್ಯೇಕ ತಂಡವಿದೆ. ಆದರೆ ಏಣಗಿ ಬಾಳಪ್ಪನವರಂಥವರು ರಂಗದ ಮೇಲೆ ಹಾಡಿದ್ದು ಬಹುಪಾಲು ಕಂಠದಲ್ಲೇ ಉಳಿಯಿತು, ಬ್ಯಾಂಡಿನ ಹಾಳೆಗೆ ಇಳಿಯಲಿಲ್ಲ. ಸ್ಪೇನಿನವರು ಬರೆದಿಟ್ಟರು, ನಾವು ಬರೆದಿಡಲಿಲ್ಲ. ನನಗೆ ಕಾಣುವ ವ್ಯತ್ಯಾಸ ಇಷ್ಟೇ.

ಈ ಸಲದ ಮದುವೆ ಹಂಗಾಮಿನಲ್ಲಿ ಬ್ಯಾಂಡಿನವರಿಗೆ ಮುಂಗಡ ಕೊಡುವಾಗ ಒಂದು ರಂಗಗೀತೆಯನ್ನೂ ಕೇಳಿ. ಓಣಿಯಲ್ಲಿ ಹಳೆಯ ಹಾರ್ಮೋನಿಯಂ ಮಾಸ್ತರರಿದ್ದರೆ ಬ್ಯಾಂಡ್ ಮಾಸ್ತರರನ್ನು ಅವರ ಮನೆಗೆ ಕರೆದುಕೊಂಡು ಹೋಗಿ. ಜೊತೆಗೆ ಸ್ವರ ಬರೆಯಬಲ್ಲ ಹುಡುಗನೊಬ್ಬನೂ ಇರಲಿ.