ದಿನಾಂಕ ಮರೆಯುವ ಗಣಕಯಂತ್ರ

ಹಳೆಯ ಗಣಕಯಂತ್ರವೊಂದು ಪ್ರತಿದಿನವೂ ದಿನಾಂಕವನ್ನು ಮರೆತು, ಆರಂಭದಲ್ಲಿಯೇ ದೋಷಸೂಚನೆ ತೋರಿ ನಿಂತುಬಿಡುವುದುಂಟು. ಯಂತ್ರವೇ ಕೆಟ್ಟಿತೆಂದು ನಾವು ಕೂಡಲೆ ನಿರ್ಧರಿಸಬೇಕಾಗಿಲ್ಲ.

ಅದರ ಮುಖ್ಯ ಫಲಕದ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಲಿಥಿಯಂ ವಿದ್ಯುತ್ಕೋಶವೊಂದಿರುತ್ತದೆ. ಹೊರಗಿನ ವಿದ್ಯುತ್ತು ನಿಂತಾಗ ಒಳಗಿನ ಗಡಿಯಾರವನ್ನೂ, ಆರಂಭಕ್ಕೆ ಬೇಕಾದ ವಿವರಗಳನ್ನಿಟ್ಟ ಸೀಮಾಸ್ ಸ್ಮೃತಿಯನ್ನೂ ಕಾಪಾಡುವುದು ಇದೇ. ಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧಿಸಿದರೆ ಉಳಿಯುವುದು 1, ಅಂದರೆ ಸೆಕೆಂಡಿಗೊಂದು ಮಿಡಿತ. ಕೆಲವು ವರ್ಷಗಳಲ್ಲಿ ಕೋಶ ಸೊರಗಿದಾಗ ಗಡಿಯಾರ ನಿಲ್ಲುತ್ತದೆ, ಸ್ಮೃತಿ ಅಳಿಯುತ್ತದೆ.

ಪರೀಕ್ಷೆ ಸುಲಭ: ರಾತ್ರಿಯಿಡೀ ವಿದ್ಯುತ್ ಸಂಪರ್ಕವಿದ್ದರೆ ದೋಷ ಕಾಣದೆ, ಸಂಪರ್ಕ ಕಡಿದಾಗ ಮಾತ್ರ ಕಂಡರೆ ಕಾರಣ ಬಹುಶಃ ಕೋಶವೇ. ತಂತಿಯನ್ನು ಕಳಚಿ, ಅದೇ ಮಾದರಿಯ ಹೊಸ ಕೋಶವನ್ನು ಹಳೆಯದಿದ್ದ ದಿಕ್ಕಿನಲ್ಲಿಯೇ ಕೂರಿಸಿ, ದಿನಾಂಕವೇ ಮೊದಲಾದ ವಿವರಗಳನ್ನು ತಿದ್ದಬೇಕು. ಅಲ್ಪವೆಚ್ಚದ ಈ ಕೋಶವನ್ನು ಪರೀಕ್ಷಿಸದೆ ಯಂತ್ರವನ್ನೇ ಬಿಸುಡುವುದು ವಿವೇಕವಲ್ಲ.