ಕಪ್ಪಗಲ್ಲಿನ ದನಿಗಲ್ಲುಗಳು

ಮುಟ್ಟಿದರೆ ದನಿಗೂಡುವ, ಆ ದನಿಯಲ್ಲೇ ಕತೆ ಹೇಳುವ ಕಲಾಕೃತಿಗಳು ಮಹಾನಗರಗಳ ಗ್ಯಾಲರಿಗಳಲ್ಲಿ ಹೊಸ ಮಾಧ್ಯಮವೆಂದು ಹೆಸರು ಮಾಡುತ್ತಿವೆ. ಸೆನ್ಸರು, ಸ್ಪೀಕರು ಹೊಸವೇ ಸರಿ. ಕಲ್ಪನೆ ಮಾತ್ರ ಬಹಳ ಹಳೆಯದು. ಬಳ್ಳಾರಿಯ ಕೌಲ್ ಬಜಾರಿನಿಂದ ಸ್ವಲ್ಪವೇ ದೂರದಲ್ಲಿರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಅದಕ್ಕೆ ನವಶಿಲಾಯುಗದ ಸಾಕ್ಷಿಯಿದೆ. ಅಲ್ಲಿನ ಬಂಡೆಚಿತ್ರಗಳನ್ನು ನಾವು ಇಂದಿಗೂ ಕಣ್ಣಿನಿಂದಷ್ಟೇ ಓದುತ್ತಿದ್ದೇವೆ. ಅವು ಹುಟ್ಟಿದ್ದು ಕೈಯ ಪೆಟ್ಟಿನಿಂದ, ಸದ್ದಿನ ನಡುವೆ ಎಂಬುದನ್ನು ಮರೆತರೆ ಆ ಕಲೆಯ ಅರ್ಧಭಾಗವೇ ನಮಗೆ ದಕ್ಕುವುದಿಲ್ಲ.

ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಡೋಲರೈಟ್ ಎಂಬ ಕಪ್ಪುಶಿಲೆಯ ಪಟ್ಟಿಯೊಂದು ಇಲ್ಲಿ ಮೇಲೆದ್ದಿದೆ. ಒತ್ತಾದ ನುಣ್ಣನೆಯ ಕಣಗಳ ಕಲ್ಲು ಇದು. ಸುತ್ತ ಬಿಗಿ ಹಿಡಿತವಿಲ್ಲದೆ ಬಿಡಿಯಾಗಿ ಕುಳಿತ ಇದರ ಕೆಲವು ಬಂಡೆಗಳು ಪೆಟ್ಟು ಬಿದ್ದರೆ ಜಾಗಟೆಯಂತೆ ಮೊಳಗುತ್ತವೆ. ಇದೇ ಕಲ್ಲಿನಿಂದ ಇಲ್ಲಿನ ಹಿರೇಗುಡ್ಡದಲ್ಲಿ ಕೊಡಲಿಗಳು ತಯಾರಾಗುತ್ತಿದ್ದವು. ಡೋಲರೈಟನ್ನು ಕೆತ್ತಿ ಕೆತ್ತಿ ಪಳಗಿದ ಜನಕ್ಕೆ ಅದರ ದನಿಯ ಗುಟ್ಟು ಮೊದಲು ತಿಳಿದದ್ದು ಈ ದುಡಿಮೆಯಲ್ಲೇ ಇರಬೇಕು. ಚಿತ್ರ ಮೂಡಿಸುವ ಬಗೆಯೂ ಕುಟ್ಟುವುದೇ. ಬಂಡೆಯ ಮೇಲ್ಮೈಯ ಕಪ್ಪು ಪದರವನ್ನು ಇನ್ನೊಂದು ಕಲ್ಲಿನಿಂದ ಜಜ್ಜಿದಾಗ ತಿಳಿಬಣ್ಣ ಕಾಣಿಸುತ್ತದೆ; ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಡುಬ್ಬದ, ಉದ್ದ ಕೊಂಬಿನ ಎತ್ತು ರೂಪ ತಳೆಯುತ್ತದೆ. ಎತ್ತಿನ ಬೆನ್ನು ಎಲ್ಲಿ ಬಾಗಬೇಕೋ ಅಲ್ಲಿಯವರೆಗೂ ಸದ್ದು ಜೊತೆಗೇ ಸಾಗಿರುತ್ತದೆ.

ಈ ಚಿತ್ರಗಳ ವರದಿ 1892ರಲ್ಲೇ ಅಚ್ಚಾಗಿದ್ದರೂ ಸದ್ದಿನ ಕಡೆಗೆ ವಿದ್ವತ್ ಲೋಕ ಗಂಭೀರವಾಗಿ ಕಿವಿಗೊಟ್ಟದ್ದು ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದ ಮೇಲೆ. ಚಿತ್ರವೇ ಆಗದ, ಬಡಿದು ಬಡಿದು ನುಣುಪಾದ ಗುಳಿಗಳನ್ನು ಅವರು ಗುರುತಿಸಿದರು. ಚಿಕ್ಕ ಗ್ರಾನೈಟ್ ಕಲ್ಲಿನಿಂದ ತಟ್ಟಿದರೆ ಅವು ಆಳವಾದ ನಾದ ಕೊಡುತ್ತವೆ. ಕೆಲವು ಚಿತ್ರಗಳಿರುವ ಜಾಗವಂತೂ ಮೈಬಗ್ಗಿಸಿ, ಹತ್ತಿ ಜೋತುಬಿದ್ದು ತಲುಪಬೇಕಾದದ್ದು. ನೋಡುವವರ ಅನುಕೂಲವೊಂದೇ ಮುಖ್ಯವಾಗಿದ್ದರೆ ಅಂಥ ಜಾಗ ಯಾರೂ ಆರಿಸುತ್ತಿರಲಿಲ್ಲ. ಬಳ್ಳಾರಿ ಸೀಮೆಯ ಕುಡತಿನಿ ಬೂದಿದಿಬ್ಬವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು: ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟ ಈ ಜನಕ್ಕೆ ದನವೆಂದರೆ ಬರೀ ಹಾಲು, ಮಾಂಸ ಆಗಿರಲಿಲ್ಲ. ಬಂಡೆಯ ಮೇಲಿನ ಎತ್ತೂ ಅದೇ ಬದುಕಿನ ಕತೆ.

ಈ ಗುಳಿಗಳನ್ನು ದನಗಾಹಿ ಹುಡುಗರು ಹೊತ್ತು ಕಳೆಯಲು ಬಡಿದಿರಬಾರದೇಕೆ ಎಂದು ಕೇಳಬಹುದು. ಕೆಲವು ಚಿತ್ರಗಳು ಖಂಡಿತ ನಂತರದ ಕಾಲದವು, ಗುಳಿಗಳ ವಯಸ್ಸನ್ನು ನೇರವಾಗಿ ಅಳೆಯುವುದೂ ಕಷ್ಟ. ಆದರೂ ಇಷ್ಟು ಗಟ್ಟಿ ಶಿಲೆ ಒಂದೇ ಜಾಗದಲ್ಲಿ ಸವೆಯಬೇಕಾದರೆ ಕೈಗಳು ಅಲ್ಲಿಗೇ ಮರಳಿ ಮರಳಿ ಬಂದಿರಬೇಕು. ಅದು ಆಟವೇ ಆಗಿದ್ದರೂ ಕಲೆಯ ಹಕ್ಕು ಕಳೆದುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಮುಟ್ಟಲು ಬಿಟ್ಟರೆ ಬಂಡೆಗಳು ಉಳಿಯುವುದಿಲ್ಲ. ಹಂಪಿಯ ವಿಜಯವಿಠ್ಠಲ ದೇಗುಲದ ಸಂಗೀತ ಕಂಬಗಳನ್ನು ಈಗ ತಟ್ಟುವಂತಿಲ್ಲ, ಅದು ಸರಿಯಾದ ನಿರ್ಧಾರ. ಕಪ್ಪಗಲ್ಲಿನ ಚಿತ್ರಬಂಡೆಗಳಿಗೂ ಅದೇ ನಿಯಮ ಬೇಕು. ಆದರೆ ಈ ಗುಡ್ಡಕ್ಕೆ ಬೋವಿನ್ ಗುರುತಿಸಿದ ದೊಡ್ಡ ಅಪಾಯ ಕಲ್ಲುಗಣಿ. ಬಂಡೆಯನ್ನು ಒಡೆದೊಯ್ದರೆ ಚಿತ್ರದೊಂದಿಗೆ ನಾದವೂ ಹೋಗುತ್ತದೆ. ಆದ್ದರಿಂದ ಗುಡ್ಡದ ಬಳಿ ಕಲ್ಲು ಒಡೆಯುವುದಕ್ಕೆ ಶಾಶ್ವತ ತಡೆ ಬೇಕು, ಒಂದೊಂದು ದನಿಗಲ್ಲಿನ ನಾದವೂ ದಾಖಲಾಗಬೇಕು. ಸಂಗನಕಲ್ಲಿನ ಶಿಲಾಯುಧಗಳಿರುವ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಚಿತ್ರವಿಲ್ಲದ ಡೋಲರೈಟ್ ಗುಂಡೊಂದನ್ನಿಟ್ಟು, ಪಕ್ಕದಲ್ಲಿ ಒಂದು ಗ್ರಾನೈಟ್ ಕಲ್ಲನ್ನೂ ಇಟ್ಟು, ಕೌಲ್ ಬಜಾರಿನ ಶಾಲೆಯ ಮಕ್ಕಳಿಗೆ ಬಡಿದು ನೋಡಲು ಬಿಡಿ.