ಹಿಟ್ಟಿಗೆ ಕಲಸಿದ ಉಪ್ಪು

ಪುಣೆಯ ಹಿಂಜವಡಿಯಲ್ಲಿ ನನ್ನ ಹಿಂದಿನ ಕೆಲಸ. ಒಂದು ಶುಕ್ರವಾರ ರಾತ್ರಿ, ಎಲಿಕ್ಸರ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಬರೆದ ಆರ್ಡರ್ ವ್ಯವಸ್ಥೆಯನ್ನು ಲೈವ್ ಮಾಡಿ ಮನೆಗೆ ಹೋದೆ. ಒಂದೂ ಎರರ್ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಗ್ರಾಹಕರ ಆರ್ಡರ್‌ಗಳೆಲ್ಲ ಟೆಸ್ಟ್ ಡೇಟಾಬೇಸ್‌ನಲ್ಲಿ ಬಿದ್ದಿದ್ದವು!

ತಪ್ಪು ನನ್ನದೇ. ಡೇಟಾಬೇಸ್ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಿಂದ ಓದುವ ಸಾಲನ್ನು 'ಕಾನ್ಫಿಗ್.ಇಎಕ್ಸ್‌ಎಸ್' ಫೈಲಿನಲ್ಲಿ ಬರೆದಿದ್ದೆ. ರಿಲೀಸ್ ಕಟ್ಟುವಾಗ ಆ ಫೈಲು ಓಡುವುದು ಬಿಲ್ಡ್ ಮಷಿನ್‌ನಲ್ಲಿ, ಸರ್ವರ್‌ನಲ್ಲಲ್ಲ. ಅಲ್ಲಿದ್ದ ಟೆಸ್ಟ್ ವಿಳಾಸವೇ ರೊಟ್ಟಿ ಹಿಟ್ಟಿಗೆ ಕಲಸಿದ ಉಪ್ಪಿನಂತೆ ರಿಲೀಸ್‌ನೊಳಗೆ ಸೇರಿಹೋಗಿತ್ತು. ತಟ್ಟೆಗೆ ಬಂದ ಮೇಲೆ ತೆಗೆಯುವುದು ಹೇಗೆ?

ಇದಕ್ಕೆ ಮದ್ದು, 2020ರಲ್ಲಿ ಎಲಿಕ್ಸರ್ 1.11 ತಂದ 'ರನ್‌ಟೈಮ್.ಇಎಕ್ಸ್‌ಎಸ್'. ಪ್ರೋಗ್ರಾಂ ಶುರುವಾದಾಗಲೆಲ್ಲ ಸರ್ವರ್‌ನಲ್ಲೇ ಓಡುವ ಫೈಲು ಇದು. ಇದರಲ್ಲಿ 'ಗೆಟ್_ಎನ್ವ್' ಬದಲು 'ಫೆಚ್_ಎನ್ವ್!' ಬಳಸಿ. ಮೌಲ್ಯ ಇಲ್ಲದಿದ್ದರೆ ಮೊದಲನೆಯದು ಸದ್ದಿಲ್ಲದೆ 'ನಿಲ್' ಕೊಡುತ್ತದೆ. ಎರಡನೆಯದು ಪ್ರೋಗ್ರಾಂ ಶುರುವಾಗಲೂ ಬಿಡುವುದಿಲ್ಲ. ನಡುರಾತ್ರಿ ನಡುಮನೆಯಲ್ಲಿ ಬೀಳುವುದಕ್ಕಿಂತ ಹೊಸಿಲಲ್ಲೇ ಎಡವುವುದು ಮೇಲು.

ಫಂಕ್ಷನಲ್ ಭಾಷೆಗಳ ಮೊದಲ ಪಾಠವೂ ಇದೇ: ಫಂಕ್ಷನ್ ತನ್ನ ಕೈಗೆ ಕೊಟ್ಟಿದ್ದರಿಂದಷ್ಟೇ ಉತ್ತರ ಕಟ್ಟಬೇಕು. ಒಳಗೊಳಗೇ ಸೆಟ್ಟಿಂಗ್ ಎಳೆದುಕೊಂಡರೆ ಅದು ಗುಟ್ಟಿನ ಇನ್‌ಪುಟ್. ಈಗ ನಾನು ಸೆಟ್ಟಿಂಗ್‌ಗಳನ್ನು ಶುರುವಿನಲ್ಲೇ ಒಮ್ಮೆ ಓದಿ, ಪರೀಕ್ಷಿಸಿ, ಬೇಕಾದ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಡುತ್ತೇನೆ.

ಆ ಶನಿವಾರ, ಭಾನುವಾರ ಆರ್ಡರ್‌ಗಳನ್ನು ಒಂದೊಂದಾಗಿ ಸರಿಯಾದ ಕಡೆ ಸಾಗಿಸಿದೆವು. ಹುಬ್ಬಳ್ಳಿಯಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಬಸ್ಸಿನ ಟಿಕೆಟ್ ರದ್ದು ಮಾಡಿದೆ. ಆ ಒಂದು ಸಾಲು ಇದ್ದದ್ದು ತಪ್ಪು ಫೈಲಿನಲ್ಲಿ, ಅಷ್ಟೆ.